ಎನ್ ದೊಡ್ಡದು ಮಾಡು

ಟೈಪಿಸ್ಟಮ್ಮನಿಗೆ ಇದ್ದದ್ದು ಒಂದೇ ಹೆಮ್ಮೆ. ಮೂವತ್ತೊಂದು ವರ್ಷ ಬೆರಳು ಸವೆಸಿದರೂ ತಮ್ಮ ಬುದ್ಧಿಯನ್ನು ಇನ್ನೊಬ್ಬರ ಕಾಗದದ ಮೇಲೆ ಒಂದು ಚುಕ್ಕೆಯಷ್ಟೂ ಚೆಲ್ಲಿದವರಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೆ ಹೊಡೆಯುವುದು. ನಿರ್ದೇಶಕರು ‘ಸದರಿ’ ಎಂಬ ಪದವನ್ನು ಒಂದೇ ವಾಕ್ಯದಲ್ಲಿ ನಾಲ್ಕು ಸಲ ಬರೆದರೆ ನಾಲ್ಕೂ ಸಲ ಹೊಡೆದರು. “ತಲೆ ಬರೆದವರದು, ಬೆರಳು ನಮ್ಮದು. ಬೆರಳಿಗೆ ತಲೆ ಬಂದ್ರೆ ಕೆಲಸ ಕೆಡತ್ತೆ” ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದರು. ಆಮೇಲೆ ಹೊಸಬರು ಬರುವುದು ನಿಂತಿತು. ಕೊನೆಗೊಂದು ದಿನ ಟೈಪಿಂಗ್ ಕೋಣೆಗೇ ಬೀಗ ಬಿತ್ತು. ನಿವೃತ್ತಿಗೆ ಇನ್ನೂ ಮೂರು ವರ್ಷವಿದ್ದ ಅವರನ್ನು ಮನೆಗೆ ಕಳಿಸಲು ಮನಸ್ಸು ಬಾರದೆ, ಸಂಶೋಧನಾಲಯದವರು ನೆಲಮಹಡಿಯ ಯಂತ್ರದ ಕೋಣೆಯ ಮುಂದೆ ತಂದು ಕೂರಿಸಿದರು.

ಗಾಜಿನ ಗೋಡೆಯ ಆಚೆ ಎಪ್ಪತ್ತು ಕಂಪ್ಯೂಟರುಗಳು ಕಪಾಟಿನಂಥ ಚೌಕಟ್ಟುಗಳಲ್ಲಿ ಒಂದರ ಮೇಲೊಂದು ಕೂತು ಗುಂಯ್ ಎನ್ನುತ್ತಿದ್ದವು. ಒಬ್ಬರೇ ಮಾಡಿದರೆ ತಿಂಗಳು ಹಿಡಿಯುವ ಲೆಕ್ಕವನ್ನು ಅವು ಹಂಚಿಕೊಂಡು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದವು. ಗಾಜಿನ ಈಚೆ ಟೈಪಿಸ್ಟಮ್ಮನ ಮೇಜು, ಒಂದು ಪರದೆ, ಚೀಟಿ ಹಾಕಲು ಒಂದು ತಗಡಿನ ತಟ್ಟೆ. ಚೀಟಿಯಲ್ಲಿ ಒಂದು ಸಾಲಿನ ಆಜ್ಞೆ ಇರುತ್ತಿತ್ತು. ಮೊದಲು ಒಂದು ಪದ, ಆಮೇಲೆ ಅಡ್ಡಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರ, ಅದರ ಮುಂದೊಂದು ಅಂಕಿ. ಮತ್ತೆ ಅಡ್ಡಗೆರೆ, ಮತ್ತೊಂದು ಅಕ್ಷರ, ಮತ್ತೊಂದು ಅಂಕಿ. ಅದನ್ನು ಹೊಡೆದು ಎಂಟರ್ ಒತ್ತಿದರೆ ಒಳಗೆ ಕೆಲಸ ಶುರು. ಯಂತ್ರಗಳಿಗೆ ಬಿಡುವಿಲ್ಲದಿದ್ದರೆ ಕೆಲಸ ಸಾಲಿನಲ್ಲಿ ನಿಲ್ಲುತ್ತಿತ್ತು. ಯಾವ ಅಕ್ಷರ ಏನು ಕೇಳುತ್ತದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಎರಡು ವರ್ಷದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಅದೇ ಸಂಶೋಧನಾಲಯದ ಮೂರನೇ ಮಹಡಿಯಲ್ಲಿ ಪಾಪು ಓದುತ್ತಿದ್ದಳು. ಪಾಪು ಎಂದರೆ ಇಪ್ಪತ್ತಾರು ತುಂಬಿದ ಹೆಣ್ಣು. ಟೈಪಿಸ್ಟಮ್ಮನ ಮೈದುನನ ಮಗಳು. ಒಂದೇ ಮನೆ, ಒಂದೇ ಅಡಿಗೆಮನೆ, ಇಬ್ಬರು ವಾರಗಿತ್ತಿಯರು. ಹೆತ್ತದ್ದು ಕಿರಿಯ ವಾರಗಿತ್ತಿಯಾದರೂ ತಲೆ ಬಾಚಿದ್ದು, ಕಾಗುಣಿತ ತಿದ್ದಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು ಈ ದೊಡ್ಡಮ್ಮ. ಪಾಪು ಐದು ವರ್ಷದಿಂದ ಒಂದು ಪೆಟ್ಟಿಗೆಯ ಹಿಂದೆ ಬಿದ್ದಿದ್ದಳು. ಕರೆಂಟಿಲ್ಲದ ಊರುಗಳಿಗೆ ಸೈಕಲ್ ಮೇಲೆ ಹೊತ್ತೊಯ್ಯುವ ಲಸಿಕೆ ಪೆಟ್ಟಿಗೆ. ಒಳಗೆ ತಂಪು ಗಾಳಿ ಎಲ್ಲಾ ಮೂಲೆಗೂ ಸುತ್ತಬೇಕು, ಎಲ್ಲೂ ಎಂಟು ಡಿಗ್ರಿ ದಾಟಬಾರದು, ದಾಟಿದರೆ ಔಷಧಿ ನೀರಾಗುತ್ತದೆ. ಪೆಟ್ಟಿಗೆಯೊಳಗಿನ ಹಲಗೆಗೆ ಎಲ್ಲೆಲ್ಲಿ ತೂತು ಕೊರೆಯಬೇಕು ಎಂಬುದೇ ಅವಳ ಪ್ರಬಂಧ. ಕೊನೆಯ ದೊಡ್ಡ ಲೆಕ್ಕ ಒಂದು ಬಾಕಿ ಇತ್ತು.

ಅದಕ್ಕೆ ಸಿಕ್ಕಿದ್ದು ಒಂದೇ ದಿನ. ಅವತ್ತು ಸಂಜೆ ಐದಕ್ಕೆ ಯಂತ್ರಗಳನ್ನು ಆರಿಸಿ ಹೊಸ ಕಟ್ಟಡಕ್ಕೆ ಸಾಗಿಸುವುದಿತ್ತು. ಮತ್ತೆ ಹಚ್ಚುವುದು ಮೂರು ತಿಂಗಳ ಮೇಲೆ. ಪ್ರಬಂಧ ಒಪ್ಪಿಸುವ ಗಡುವು ತಿಂಗಳ ಕೊನೆ. ತಪ್ಪಿದರೆ ಇನ್ನೊಂದು ವರ್ಷ ಹೊಸದಾಗಿ ಹೆಸರು ನೋಂದಾಯಿಸಿ ಕೂರಬೇಕು. ಇಂಥ ಸಮಯ ನೋಡಿಕೊಂಡೇ ಪಾಪು ಹಿಂದಿನ ದಿನ ಲ್ಯಾಪ್‌ಟಾಪ್ ಸಮೇತ ಮೆಟ್ಟಿಲ ಮೇಲಿಂದ ಜಾರಿದಳು. ಲ್ಯಾಪ್‌ಟಾಪ್ ಎರಡು ಹೋಳು, ಕಾಲಿನ ಮೂಳೆ ಮೂರು.

ಬೆಳಿಗ್ಗೆ ಹತ್ತೂಕಾಲಿಗೆ ಆಸ್ಪತ್ರೆಯಿಂದ ಫೋನು ಬಂತು.

“ದೊಡ್ಡಮ್ಮ, ಒಂದೂವರೆಗೆ ಆಪರೇಷನ್ ಅಂತೆ. ಅದಕ್ಕೆ ಮುಂಚೆ ಇದೊಂದು ಹಾಕ್ಬಿಡು ಪ್ಲೀಸ್.”

“ಕಾಲು ಹೇಗಿದೆಯೇ?”

“ಇದೆ. ಕೇಳಿಲ್ಲಿ. ಮೊನ್ನೆ ಟ್ರಯಲ್‌ಗೆ ಕೊಟ್ಟಿದ್ನಲ್ಲ ಚೀಟಿ, ಅದೇ ಸಾಲು. ಅದ್ರಲ್ಲಿ ಎನ್ ಎಂಟು ಅಂತಿದೆ. ಎನ್ ದೊಡ್ಡದು ಮಾಡು, ಅರವತ್ನಾಲ್ಕು. ಟಿ ನಾಲ್ಕು ಗಂಟೆ. ಬಾಕಿ ಎಲ್ಲಾ ಹಾಗೇ.”

ಹಿಂದೆ ವಾರಗಿತ್ತಿಯ ದನಿ ಕೇಳಿಸಿತು: “ಅಕ್ಕಂಗೆ ಸರಿಯಾಗಿ ಬಿಡಿಸಿ ಹೇಳೇ. ಉಪ್ಪು ಜಾಸ್ತಿ ಹಾಕು ಅಂದ್ರೆ ಡಬ್ಬನೇ ಮಗುಚೋರು ಅವರು.”

“ನಿಮ್ಮಮ್ಮಂಗೆ ಹೇಳು, ಡಬ್ಬ ಮಗುಚಿದ್ದು ಯಾರು ಅಂತ ಮನೆಗೆ ಬಂದಾಗ ಮಾತಾಡೋಣ” ಎಂದು ಟೈಪಿಸ್ಟಮ್ಮ ಫೋನಿಟ್ಟರು.

ಹಳೆಯ ಚೀಟಿ ತೆಗೆದರು. ಅಡ್ಡಗೆರೆ, ಎನ್, ಎಂಟು. ಎನ್ ದೊಡ್ಡದು ಮಾಡು. ಈ ಮಾತನ್ನು ಅವರು ಮೂವತ್ತೊಂದು ವರ್ಷ ಕೇಳಿದ್ದರು. ನಮ್ಮ ಲಿಪಿಯಲ್ಲಿ ಅಕ್ಷರಗಳಿಗೆ ಮೇಲುಕೀಳಿಲ್ಲ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಎರಡು ವೇಷ. ಕರಡು ತಿದ್ದುವ ಅಧಿಕಾರಿಗಳು ಅಕ್ಷರದ ಕೆಳಗೆ ಗೆರೆ ಎಳೆದು “ಇದನ್ನ ದೊಡ್ಡದು ಮಾಡಿ” ಅನ್ನುತ್ತಿದ್ದರು, ಇವರು ಶಿಫ್ಟ್ ಒತ್ತುತ್ತಿದ್ದರು. ದೊಡ್ಡ ಎನ್ ಇರುವ ಚೀಟಿಗಳೂ ಅವರಿಗೆ ಹೊಸದಲ್ಲ, ಮೇಲಿನ ಮಹಡಿಯ ವಿಜ್ಞಾನಿ ಮಳೆ ಮೇಷ್ಟ್ರು ಯಾವಾಗಲೂ ಅದನ್ನೇ ಬರೆಯುತ್ತಿದ್ದರು. ಹಾಗಾಗಿ ಅವರ ಎಡಗೈ ಕಿರುಬೆರಳು ತಾನಾಗಿಯೇ ಶಿಫ್ಟಿನ ಮೇಲೆ ಹೋಯಿತು. ಅಡ್ಡಗೆರೆ, ದೊಡ್ಡ ಎನ್, ಅರವತ್ತನಾಲ್ಕು. ಎರಡು ಸಲ ಓದಿ, ಎಂಟರ್ ಒತ್ತಿದರು.

ಕೆಲಸ ಸಾಲಿನಲ್ಲಿ ನಿಂತಿತು. ಎದುರಿಗೆ ‘ಪಿಡಿ’ ಎಂಬ ಎರಡಕ್ಷರ, ಅಂದರೆ ಕಾಯುತ್ತಿದೆ. ಪಕ್ಕದಲ್ಲಿ ಕಾರಣ: ‘ರಿಸೋರ್ಸಸ್’, ಅಂದರೆ ಯಂತ್ರಗಳಿಗೆ ಬಿಡುವಿಲ್ಲ.

ಕಾಯುವುದು ಟೈಪಿಸ್ಟಮ್ಮನಿಗೆ ಕಷ್ಟವಲ್ಲ. ನಲ್ಲಿಯ ಮುಂದೆ ಕಾದಿದ್ದರು, ಡಾಕ್ಟರ ಬಾಗಿಲಲ್ಲಿ ಕಾದಿದ್ದರು, ಗಂಡನ ಪಿಂಚಣಿಗಾಗಿ ಹನ್ನೊಂದು ತಿಂಗಳು ಒಂದೇ ಬೆಂಚಿನ ಮೇಲೆ ಕಾದಿದ್ದರು. ಸಾಲು ಎಂದ ಮೇಲೆ ನಿಲ್ಲಬೇಕು, ತಾಳಿದವರು ಬಾಳಿಯಾರು. ಹನ್ನೊಂದಾಯಿತು. ಮಳೆ ಮೇಷ್ಟ್ರು ಕಳಿಸಿದ ಚೀಟಿಯನ್ನೂ ಹೊಡೆದು ಪಾಪುವಿನ ಕೆಲಸದ ಹಿಂದೆ ನಿಲ್ಲಿಸಿದರು. ಹನ್ನೆರಡಾಯಿತು. ಗಾಜಿನ ಆಚೆ ಒಂದೊಂದೇ ಯಂತ್ರ ತನ್ನ ಕೆಲಸ ಮುಗಿಸಿ ದನಿ ತಗ್ಗಿಸುತ್ತಿತ್ತು. ‘ಇನ್ನೇನು, ನಮ್ಮದೇ ಸರದಿ’ ಎಂದುಕೊಂಡು ಅವರು ಡಬ್ಬಿ ಬಿಚ್ಚಿ ಊಟ ಮಾಡಿದರು, ಡಬ್ಬಿ ತೊಳೆದು ಕವುಚಿಟ್ಟರು. ಯಂತ್ರದ ಕೋಣೆಯ ಮೇಲ್ವಿಚಾರಕ ಸಾಗಿಸುವ ಸಾಮಾನು ಕಟ್ಟಿಸಲು ಬೆಳಿಗ್ಗೆಯೇ ಮೇಲಕ್ಕೆ ಹೋದವನು ಇಳಿದಿರಲಿಲ್ಲ. ಕೇಳೋಣವೆಂದರೆ ಯಾರೂ ಇಲ್ಲ. ಕೇಳಬೇಕು ಅಂತ ಅನ್ನಿಸಲೂ ಇಲ್ಲ.

ಒಂದು ಗಂಟೆ ದಾಟಿದ ಮೇಲೆ ಮಳೆ ಮೇಷ್ಟ್ರು ಧಡಧಡ ಮೆಟ್ಟಿಲಿಳಿದು ಬಂದರು. ಊರೂರಿನ ಮಳೆಯ ಲೆಕ್ಕ ಹಾಕುವ ಮುದಿ ವಿಜ್ಞಾನಿ, ಮೂಗಿನ ತುದಿಯಲ್ಲಿ ಕನ್ನಡಕ, ಮೂಗಿಗಿಂತ ಮುಂದೆ ಕೋಪ. ಹಿಂದೆಯೇ ಮೇಲ್ವಿಚಾರಕ. ವರ್ಷವಿಡೀ ಶೀತಕೋಣೆಯಲ್ಲಿ ಸ್ವೆಟರ್ ತೊಟ್ಟು ಓಡಾಡುವ ಅವನನ್ನು ಎಲ್ಲರೂ ತಣ್ಣಪ್ಪ ಎನ್ನುತ್ತಿದ್ದರು.

“ಯಾರ್ರೀ ಅದು ಪುಣ್ಯಾತ್ಮರು, ಅರವತ್ನಾಲ್ಕು ಯಂತ್ರ ಕೇಳಿರೋರು? ಇಪ್ಪತ್ತು ಯಂತ್ರ ಖಾಲಿ ಕೂತಿದೆ, ನನ್ನ ಕೆಲಸ ಒಳಗೆ ಬಿಡ್ತಿಲ್ಲ!” ಎಂದು ಮೇಷ್ಟ್ರು ಗುಡುಗಿದರು.

ತಣ್ಣಪ್ಪ ಪರದೆಗೆ ಬಗ್ಗಿ ನೋಡಿದ. ಆಮೇಲೆ ಟೈಪಿಸ್ಟಮ್ಮನ ಮುಖ ನೋಡಿದ. “ಅಮ್ಮಾ, ಇದು ನಿಮ್ಮದು.”

“ನಮ್ಮ ಪಾಪುದು. ಸಾಲಲ್ಲಿದೆ.”

“ಸಾಲಲ್ಲಿಲ್ಲ ಅಮ್ಮಾ, ಸಾಲಿಗೇ ಅಡ್ಡ ನಿಂತಿದೆ. ಪಾಪು ಕೇಳಿದ್ದು ಅರವತ್ನಾಲ್ಕು ಯಂತ್ರನೋ, ಅರವತ್ನಾಲ್ಕು ಕೆಲಸಗಾರರನ್ನೋ?”

“ಅಂದ್ರೆ?”

“ಚಿಕ್ಕ ಎನ್ ಅಂದ್ರೆ ಲೆಕ್ಕಾನ ಎಷ್ಟು ಜನ ಹಂಚ್ಕೋಬೇಕು ಅಂತ. ದೊಡ್ಡ ಎನ್ ಅಂದ್ರೆ ಎಷ್ಟು ಯಂತ್ರ ಬೇಕು ಅಂತ. ಒಂದು ಯಂತ್ರದೊಳಗೆ ಮೂವತ್ತೆರಡು ಜನ ಕೂರ್ತಾರೆ. ಅರವತ್ನಾಲ್ಕು ಜನಕ್ಕೆ ಎರಡು ಬಸ್ಸು ಸಾಕಾಗಿತ್ತು. ನೀವು ತಲೆಗೊಂದು ಬಸ್ಸು ಕೇಳಿದ್ದೀರಿ. ಅಷ್ಟು ಬಸ್ಸು ಒಟ್ಟಿಗೆ ಖಾಲಿಯಾಗೋದು ಯಾವ ಕಾಲಕ್ಕೆ? ಖಾಲಿಯಾದವನ್ನೆಲ್ಲಾ ನಿಮಗೋಸ್ಕರ ಎತ್ತಿಡ್ತಾ ಬಂದಿದೆ.”

ಟೈಪಿಸ್ಟಮ್ಮ ಗಾಜಿನ ಆಚೆ ನೋಡಿದರು. ಬೆಳಗಿನಿಂದ ಅವರು ಕಾದದ್ದು ಯಾರಿಗೆ? ಯಂತ್ರಗಳು ಅವರಿಗಾಗಿ ಕೈಕಟ್ಟಿ ಕೂತಿದ್ದವು, ಅವರು ಯಂತ್ರಗಳಿಗಾಗಿ ಕೈಕಟ್ಟಿ ಕೂತಿದ್ದರು. ಎರಡೇ ಎರಡು ಯಂತ್ರ ಹತ್ತೂವರೆಯಿಂದಲೇ ಖಾಲಿಯಿದ್ದಿರಬೇಕು. ಮೂರು ಗಂಟೆ ಕಾಲ ಹೊಳೆಗೆ ಸುರಿದ ಹಾಗಾಯಿತು. ಕೈ ಆಗಲೇ ಫೋನಿನ ಮೇಲಿತ್ತು.

ಎತ್ತಿಕೊಂಡವಳು ವಾರಗಿತ್ತಿ. “ಏನಕ್ಕಾ? ಒಳಗೆ ಕರ್ಕೊಂಡು ಹೋಗೋಕೆ ಬಂದಿದಾರೆ.”

“ಪಾಪುಗೆ ಕೊಡು.”

“ಏನಾದ್ರೂ ಎಡವಟ್ಟಾ?”

“ಹೂಂ. ನಂದೇ. ಕೊಡು ಬೇಗ.”

ಒಂದು ಕೊಂಕು ಬರಬಹುದೆಂದು ಟೈಪಿಸ್ಟಮ್ಮ ತುಟಿ ಕಚ್ಚಿಕೊಂಡರು. ಬರಲಿಲ್ಲ. ಫೋನು ಕೈ ಬದಲಾಯಿಸಿದ ಸದ್ದಷ್ಟೇ. ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದರು.

“ದೊಡ್ಡಮ್ಮಾ… ನಾನು ದೊಡ್ಡ ಎನ್ ಅನ್ಲಿಲ್ವಲ್ಲೇ. ಎನ್ ದೊಡ್ಡದು ಅಂದೆ.”

“ನಂಗೆ ಎರಡೂ ಒಂದೇ ತರ ಕೇಳ್ತು ಕಣೇ. ದೊಡ್ಡಮ್ಮನ್ನ ಕರಿ ಅಂದ್ರೆ ಬಾಗಿಲಲ್ಲಿ ನಿಂತು ದೊಡ್ಡದಾಗಿ ‘ಅಮ್ಮಾ’ ಅಂತ ಕಿರುಚ್ತಿದ್ದೋಳು ನೀನೂ.”

ಪಾಪು ನಕ್ಕಳು. ನಗುವಿನ ನಡುವೆ ಒಂದು ಬಿಕ್ಕು ಸಿಕ್ಕಿಕೊಂಡಿತ್ತು. “ಈಗ ಅರವತ್ನಾಲ್ಕು ಜನಕ್ಕೆ ಆಗಲ್ಲ ದೊಡ್ಡಮ್ಮ. ನಾಲ್ಕು ಗಂಟೆ ಬೇಕು, ಟೈಮಿಲ್ಲ. ಪೆಟ್ಟಿಗೆ ಚಿತ್ರಾನ ಅರವತ್ನಾಲ್ಕು ಚೂರು ಮಾಡಿಟ್ಟಿದ್ದೆ, ಒಂದೊಂದು ಚೂರಿಗೆ ಒಬ್ಬ. ಅದನ್ನ ನೂರಿಪ್ಪತ್ತೆಂಟು ಚೂರು ಮಾಡ್ಬೇಕು. ಕತ್ತರಿಸೋಕೆ ಬೇರೆ ಸಾಲಿದೆ. ಬರ್ಕೋ.”

ಬರೆದುಕೊಂಡರು. ಈ ಸಲ ಪ್ರತಿ ಅಕ್ಷರಕ್ಕೂ ತಡೆದರು. “ಎನ್ ಅಂದ್ಯಲ್ಲ, ಅಕ್ಷರ ಚಿಕ್ಕದೋ ದೊಡ್ಡದೋ? ಅಕ್ಷರ ಕೇಳಿದ್ದು, ಅಂಕಿ ಅಲ್ಲ.”

“ಅಕ್ಷರ ಚಿಕ್ಕದು, ಅಂಕಿ ನೂರಿಪ್ಪತ್ತೆಂಟು. ಆಮೇಲೆ ಟಿ…”

“ಫೋನು ಸಾಕಮ್ಮಾ, ಮೊದ್ಲು ಕಾಲು” ಎಂದಿತು ನರ್ಸಿನ ದನಿ. ಫೋನು ಕಡಿಯಿತು.

“ಎಷ್ಟು ಯಂತ್ರ ಬೇಕು ಈಗ?” ಮಳೆ ಮೇಷ್ಟ್ರು ಕೇಳಿದರು. ಅಷ್ಟು ಹೊತ್ತೂ ಅವರು ಅಲ್ಲೇ ನಿಂತಿದ್ದುದನ್ನು ಟೈಪಿಸ್ಟಮ್ಮ ಮರೆತೇಬಿಟ್ಟಿದ್ದರು.

“ನಾಲ್ಕು” ಎಂದ ತಣ್ಣಪ್ಪ. “ಆದ್ರೆ ಅಮ್ಮನ ಕೆಲಸ ತೆಗೆದ ತಕ್ಷಣ ನಿಮ್ಮದು ನುಗ್ಗತ್ತೆ ಮೇಷ್ಟ್ರೇ. ಖಾಲಿ ಇರೋದು ಇಪ್ಪತ್ತು, ನೀವು ಕೇಳಿರೋದೂ ಇಪ್ಪತ್ತು. ಇವತ್ತು ಇನ್ನು ಬೇರೆ ಯಾವ್ದೂ ಖಾಲಿಯಾಗಲ್ಲ.”

ಟೈಪಿಸ್ಟಮ್ಮ ಎದ್ದು ನಿಂತರು. ಏನು ಕೇಳಬೇಕೆಂದು ಗೊತ್ತಿತ್ತು, ಯಾವ ಮುಖದಿಂದ ಕೇಳಬೇಕೆಂದು ಗೊತ್ತಿರಲಿಲ್ಲ. “ಮೇಷ್ಟ್ರೇ, ಬೆಳಿಗ್ಗೆಯಿಂದ ನಿಮ್ಮನ್ನ ಕಾಯಿಸಿದ್ದು ನಾನೇ. ಮೇಲಿಂದ ಕೈ ಚಾಚೋದು ಗಾಯದ ಮೇಲೆ ಬರೆ ಹಾಕಿದ ಹಾಗೆ. ಆದ್ರೂ ಕೇಳ್ತೀನಿ. ನಾಲ್ಕು ಬಿಟ್ಕೊಡಿ. ಹುಡುಗಿಗೆ ಒಂದು ವರ್ಷ ಹೋಗತ್ತೆ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಮೂಗಿನ ತುದಿಗೇ ಇಟ್ಟರು. “ನಂದು ಊರಿಗೊಂದು ಯಂತ್ರ. ಇಪ್ಪತ್ತು ಊರು. ನಾಲ್ಕು ತೆಗೀಬೇಕಾ?”

“ತೆಗೀಬೇಕು.”

“ಹಾಗಾದ್ರೆ ನಾಲ್ಕು ಊರಿಗೆ ಈ ಸಲ ಮಳೆ ಇಲ್ಲ ಅಂತಿಟ್ಕೊಳ್ಳಿ. ಕೇಳಿದ್ರೆ ಟೈಪಿಸ್ಟಮ್ಮ ಕೊಡಲಿಲ್ಲ ಅಂತೀನಿ.” ನಗಲಿಲ್ಲ, ಪಕ್ಕದ ಕುರ್ಚಿ ಎಳೆದು ಕೂತು ತಮ್ಮ ಚೀಟಿಯ ಇಪ್ಪತ್ತನ್ನು ಹೊಡೆದುಹಾಕಿ ಹದಿನಾರು ಬರೆದರು. ಯಾವ ನಾಲ್ಕು ಊರು ಎಂದು ಆರಿಸುವಾಗ ಅವರ ಪೆನ್ನು ತಡೆದು ತಡೆದು ಹೋದದ್ದು ಟೈಪಿಸ್ಟಮ್ಮನಿಗೆ ಕಾಣಿಸಿತು.

ಹಳೆಯ ಎರಡೂ ಕೆಲಸ ತೆಗೆದು, ತಿದ್ದಿದ ಚೀಟಿ ಹೊಡೆದರು. ಮೇಷ್ಟ್ರದ್ದು ಒಳಗೆ ಹೋಯಿತು, ಹದಿನಾರು ಯಂತ್ರಗಳು ಒಟ್ಟಿಗೆ ದನಿ ಏರಿಸಿದವು. ಕತ್ತರಿಸುವ ಸಾಲು ಹೊಡೆದರು, ಪೆಟ್ಟಿಗೆ ನೂರಿಪ್ಪತ್ತೆಂಟು ಚೂರಾಯಿತು. ಆಮೇಲೆ ಲೆಕ್ಕದ ಸಾಲು, ಚಿಕ್ಕ ಎನ್. ಎಂಟರ್.

ಪಿಡಿ.

ಮತ್ತೆ ಕಾಯುತ್ತಿದೆ! ಆದರೆ ಈ ಸಲ ಟೈಪಿಸ್ಟಮ್ಮ ಕುರ್ಚಿಗೆ ಒರಗಲಿಲ್ಲ. ಕಾರಣದ ಜಾಗಕ್ಕೆ ಮೂಗು ತಾಗಿಸಿ ಓದಿದರು. ಬೆಳಗಿನ ಪದವಲ್ಲ. ಉದ್ದನೆಯದು, ಕೊನೆಯಲ್ಲಿ ‘ಮೇಂಟೆನೆನ್ಸ್’ ಎಂದಿತ್ತು.

“ತಣ್ಣಪ್ಪಾ! ಬಾರೋ ಇಲ್ಲಿ! ಇದೇನೋ ಬೇರೆ ನೆಪ ಹೇಳ್ತಿದೆ.”

ಎರಡು ವರ್ಷದಲ್ಲಿ ಅವರು ಅವನನ್ನು ಕೂಗಿ ಕರೆದದ್ದು ಅದೇ ಮೊದಲು. ಅವನು ಗಾಜಿನ ಆಚೆಯಿಂದ ಓಡಿ ಬಂದ. “ಟಿ ಅಂದ್ರೆ ಟೈಮು, ಅದನ್ನ ನಾಲ್ಕು ಗಂಟೆ ಅಂತಲೇ ಬಿಟ್ಟಿದ್ದೀರಿ. ಈಗ ಒಂದೂ ಮುಕ್ಕಾಲು. ಐದಕ್ಕೆ ಕರೆಂಟ್ ಹೋಗತ್ತೆ ಅಂತ ಯಂತ್ರಕ್ಕೆ ಗೊತ್ತು. ಐದರೊಳಗೆ ಮುಗಿಯದ ಕೆಲಸಾನ ಅದು ಶುರುವೇ ಮಾಡಲ್ಲ. ಮೂರು ತಿಂಗಳು ಆದ್ಮೇಲೆ ಮಾಡ್ತೀನಿ ಅಂತ ಇಟ್ಕೊಂಡಿದೆ.”

“ಹಾಗಾದ್ರೆ ಎಷ್ಟು ಹಾಕ್ಲಿ?”

“ಜಾಸ್ತಿ ಹಾಕಿದ್ರೆ ಬಾಗಿಲೇ ತೆಗೆಯಲ್ಲ. ಕಮ್ಮಿ ಹಾಕಿದ್ರೆ ಹೊತ್ತು ಮುಗೀತು ಅಂತ ಅರ್ಧದಲ್ಲೇ ಕತ್ತು ಹಿಸುಕತ್ತೆ. ಪಾಪು ಏನಂದ್ಲು?”

“ಅದನ್ನ ಹೇಳೋ ಮುಂಚೆ ಕರ್ಕೊಂಡು ಹೋದ್ರು.”

“ಮತ್ತೆ ನೀವೇ ಹೇಳ್ಬೇಕು ಅಮ್ಮಾ. ಅವಳ ಲೆಕ್ಕ ನಂಗೆ ಗೊತ್ತಿಲ್ಲ.”

ಟೈಪಿಸ್ಟಮ್ಮ ಚೀಟಿಯ ಬೆನ್ನಿಗೆ ಪೆನ್ಸಿಲ್ ಊರಿದರು. ಅರವತ್ತನಾಲ್ಕು ಜನಕ್ಕೆ ನಾಲ್ಕು ಗಂಟೆ. ಎರಡರಷ್ಟು ಜನಕ್ಕೆ ಎರಡು ಗಂಟೆ. ಶಾಲೆಯ ಲೆಕ್ಕ ಹಾಗೆ ಹೇಳುತ್ತದೆ. ಆದರೆ ಇಪ್ಪತ್ತೆಂಟು ವರ್ಷ ಅವರು ಒಂದು ಅಡಿಗೆಮನೆಯಲ್ಲಿ ಇನ್ನೊಬ್ಬಳ ಜೊತೆ ಬೆಂದವರು. ಒಬ್ಬಳು ಎರಡು ತಾಸಿನಲ್ಲಿ ಮಾಡುವುದನ್ನು ಇಬ್ಬರು ಒಂದು ತಾಸಿನಲ್ಲಿ ಮಾಡಿದ್ದನ್ನು ಯಾವತ್ತೂ ಕಂಡಿರಲಿಲ್ಲ. ‘ಆ ಸೌಟೆಲ್ಲಿಟ್ಟೆ’, ‘ನೀನೇ ತಾನೇ ತಗೊಂಡಿದ್ದು’, ಇದಕ್ಕೇ ಕಾಲು ತಾಸು. ನೂರಿಪ್ಪತ್ತೆಂಟು ಜನ, ಪಕ್ಕದ ಚೂರಿನವನನ್ನು ಮಾತಾಡಿಸದೆ ಗಾಳಿಯ ಲೆಕ್ಕ ಹೇಗೆ ಹಾಕಿಯಾರು? ಎರಡೂವರೆಯಾದರೂ ಬೇಕು. ಜೊತೆಗೆ ಒಂದಿಷ್ಟು.

“ಮೂರು ಗಂಟೆ ಐದು ನಿಮಿಷ” ಎಂದರು. ಹೊಡೆದರು.

ಕೆಲಸ ಕೂಡಲೇ ಒಳಗೆ ಹೋಯಿತು. ಪರದೆಯ ಮೇಲೆ ಸಾಲುಗಳು ಬೀಳತೊಡಗಿದವು: ಸಾವಿರದಲ್ಲಿ ಒಂದನೇ ಹೆಜ್ಜೆ, ಎರಡನೇ ಹೆಜ್ಜೆ. ಎರಡೂ ಮುಕ್ಕಾಲಿಗೆ ನಾನೂರು. ಪರವಾಗಿಲ್ಲ. ಮೂರೂ ಮುಕ್ಕಾಲಿಗೆ ಏಳುನೂರು. ಯಾಕೋ ನಿಧಾನವಾಯಿತು. ಟೈಪಿಸ್ಟಮ್ಮ ನೀರು ಕುಡಿಯಲೂ ಏಳಲಿಲ್ಲ. ನಾಲ್ಕೂಕಾಲಿಗೆ ತಂತಿ ಬಿಚ್ಚುವವರು ಸ್ಕ್ರೂಡ್ರೈವರ್ ಹಿಡಿದು ಬಂದು ಬಾಗಿಲಲ್ಲಿ ಕೂತರು. ಮೇಷ್ಟ್ರ ಕೆಲಸ ಮುಗಿಯಿತು. ಅವರು ಕಾಗದ ತೆಗೆದುಕೊಂಡು ಹೋಗುವ ಬದಲು ಇವರ ಪರದೆಯ ಮುಂದೆ ಬಂದು ನಿಂತರು. ನಾಲ್ಕೂವರೆಗೆ ಒಂಬೈನೂರ ಮೂವತ್ತು.

“ನಾಲ್ಕು ಐವತ್ತಕ್ಕೆ ಕತ್ತು ಹಿಸುಕತ್ತೆ ಅಲ್ವೇನೋ?”

“ಹೂಂ ಅಮ್ಮಾ.”

“ಇನ್ನೈದು ನಿಮಿಷ ಜಾಸ್ತಿ ಬರೀಬೇಕಿತ್ತು.”

“ನೋಡೋಣ ಸುಮ್ನಿರಿ” ಎಂದರು ಮೇಷ್ಟ್ರು, ತಾವೇ ಸುಮ್ಮನಿರಲಾರದೆ ಕುರ್ಚಿಯ ಬೆನ್ನನ್ನು ತಟ್ಟುತ್ತ.

ಒಂಬೈನೂರ ಎಪ್ಪತ್ತು. ಒಂಬೈನೂರ ತೊಂಬತ್ತು. ನಾಲ್ಕು ನಲವತ್ತೇಳಕ್ಕೆ ಸಾವಿರ ಬಿತ್ತು, ಅದರ ಕೆಳಗೆ ಒಂದು ಕೊನೆಯ ಸಾಲು, ಆಮೇಲೆ ಪರದೆ ತಣ್ಣಗೆ ಮಿಣುಕಿತು. ತಣ್ಣಪ್ಪ ಫಲಿತಾಂಶವನ್ನು ಬೇರೆ ಡಿಸ್ಕಿಗೆ ಇಳಿಸಿ ಅವರ ಕೈಗಿಟ್ಟ. ಐದಕ್ಕೆ ಯಂತ್ರಗಳು ಸಾಲು ಸಾಲಾಗಿ ಆರಿದವು. ಅಷ್ಟು ನಿಶ್ಶಬ್ದವನ್ನು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ.

ಐದೂವರೆಗೆ ಫೋನು ಬಂತು. ವಾರಗಿತ್ತಿ. “ಕಣ್ಣು ಬಿಟ್ಲು. ಕಾಲಿದೆಯಾ ಅಂತಲೂ ಕೇಳ್ಲಿಲ್ಲ. ಲೆಕ್ಕ ಏನಾಯ್ತು ಅಂತಿದಾಳೆ, ನೀನೇ ಹೇಳು.”

“ಪಾಪು, ಮುಗೀತು. ಸಾವಿರಕ್ಕೆ ಸಾವಿರ.”

“ಕೊನೇ ಸಾಲು ಓದು ದೊಡ್ಡಮ್ಮ” ಎಂದಳು ಪಾಪು, ನಿದ್ದೆಯ ಆಳದಿಂದ.

ಅವರು ಬರೆದಿಟ್ಟುಕೊಂಡಿದ್ದರು. ಅತಿ ಬಿಸಿಯ ಜಾಗ, ಎಡಗಡೆ ಕೆಳಗಿನ ಮೂಲೆ. ಒಂಬತ್ತು ಪಾಯಿಂಟ್ ಒಂದು ಡಿಗ್ರಿ. “ಎಂಟು ದಾಟಿದೆಯಲ್ಲೇ…”

“ಅನುಮಾನ ಇತ್ತು ನಂಗೆ. ಆ ಮೂಲೆಗೆ ಇನ್ನೊಂದು ತೂತು ಬೇಕು. ಎಲ್ಲಿ ಅಂತ ಗೊತ್ತಾಯ್ತಲ್ಲ, ಅಷ್ಟೇ ಬೇಕಿತ್ತು. ಹಾಗೇ ಬರೀತೀನಿ. ಈ ತಿಂಗಳೇ ಕೊಡ್ತೀನಿ…” ಮಾತು ಅಲ್ಲಿಗೇ ಕರಗಿತು.

ವಾರಗಿತ್ತಿ ಫೋನು ತೆಗೆದುಕೊಂಡಳು. “ನಗ್ತಾ ನಗ್ತಾ ನಿದ್ದೆ ಹೋದ್ಲು. ಒಂಬತ್ತು ಅಂದ್ರೆ ಒಳ್ಳೇದಾ, ಕೆಟ್ಟದ್ದಾ?”

“ಔಷಧಿಗೆ ಕೆಟ್ಟದ್ದು, ನಮ್ಮ ಪಾಪುಗೆ ಒಳ್ಳೇದು.”

“ನಿನ್ನ ಮಾತು ಒಂದೂ ಅರ್ಥ ಆಗಲ್ಲ. ಬಸ್ ಹಿಡಿದು ಇಲ್ಲಿಗೇ ಬಾ, ನಿಧಾನವಾಗಿ ಹೇಳುವಿಯಂತೆ. ನಾನೂ ಬೆಳಿಗ್ಗೆಯಿಂದ ಒಬ್ಬಳೇ ಕೂತಿದೀನಿ ಅಕ್ಕಾ.”